ಹದಿನಾರಾಣೆಗೆ ಎಷ್ಟಾಣೆ ನೋವು?

ಬೆಳಗಿನ ಐದೂಮುಕ್ಕಾಲು. ಶಿಕಾರಿಪುರದ ಅಂಚಿನಲ್ಲಿರುವ ಧರ್ಮಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿಗಳನ್ನು ಇನ್ನೂ ತೆರೆದಿಲ್ಲ. ದುರುಗಮ್ಮ ಒಂದು ಕೈಯಲ್ಲಿ ಬಿಸಿನೀರಿನ ಚೊಂಬು, ಇನ್ನೊಂದರಲ್ಲಿ ಬೂರುಗದ ಹತ್ತಿ ತುಂಬಿದ ಪುಟ್ಟ ದಿಂಬು ಹಿಡಿದು ಮೂರನೇ ಮಂಚದ ಬಳಿ ನಿಲ್ಲುತ್ತಾರೆ. ಪುಸ್ತಕವಿಲ್ಲ, ಪೆನ್ಸಿಲ್ಲೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಹೇಳಹೊರಟಿರುವುದೆಲ್ಲ ಆ ಕೈಯಲ್ಲಿಲ್ಲದ ಪುಸ್ತಕದ ಮೇಲೇ ನಿಂತಿದೆ.

ಮಂಚದ ಮೇಲೆ ಅಂಬ್ಲಿಗೊಳದ ಕಡೆಯ ಮೂಕಮ್ಮ. ಮೊನ್ನೆ ಮಧ್ಯಾಹ್ನ ಡಾಕ್ಟರು ಅವಳ ಹೊಟ್ಟೆ ಕೊಯ್ದು, ತೊಡಕು ಬಿದ್ದಿದ್ದ ಕರುಳು ಬಿಡಿಸಿ, ಮತ್ತೆ ಹೊಲಿದಿದ್ದಾರೆ. ಹೊಟ್ಟೆಯ ಸುತ್ತ ಗೇಣಗಲದ ಕೋರಾ ಬಟ್ಟೆಯ ಪಟ್ಟಿ ಬಿಗಿದಿದೆ.

“ಏಳವ್ವ, ಬೆಳಕಾತು. ದಿಂಬು ಹೊಟ್ಟಿಗೆ ಅವಚ್ಕೋ. ಹ್ಞಾ, ಮಗೀನ ಅವಚ್ಕೊಂಡಂಗೆ. ಈಗ ಕೆಮ್ಮು.”

“ಕೆಮ್ಮು ಬರಾಕಿಲ್ಲ ದುರುಗಕ್ಕ.”

“ಬರದಿದ್ರೆ ಕರ್ಸು. ಅತ್ತೆ ಕೆಲ್ಸ ಹೇಳಿದಾಗ ಸುಳ್ಳುಸುಳ್ಳೇ ಕೆಮ್ತೀಯಲ್ಲ, ಹಂಗೆ.”

ಮೂಕಮ್ಮನಿಗೆ ನಗಲೂ ಆಗದು, ನಗದೆ ಇರಲೂ ಆಗದು. ದಿಂಬನ್ನು ಒತ್ತಿಹಿಡಿದು ಎರಡು ಸಲ ಕೆಮ್ಮುತ್ತಾಳೆ. ಎದೆಯೊಳಗಿನ ಕಫ ಸಡಿಲವಾಗುವ ಸದ್ದು ಪಕ್ಕದ ಮಂಚದವರಿಗೂ ಕೇಳಿಸುತ್ತದೆ.

“ಈಗ ಹೇಳು. ಹದಿನಾರಾಣೆಗೆ ಎಷ್ಟಾಣೆ ನೋವು?”

“ಐದಾಣೆ. ನಿನ್ನೆ ಏಳಿತ್ತು.”

ದುರುಗಮ್ಮ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಬಿಸಿನೀರು ಕುಡಿಸಿ, ಹೊದಿಕೆ ಮಡಿಸಿಟ್ಟು ಹೊರಗಿನ ಜಗಲಿಗೆ ಬರುತ್ತಾರೆ. ಔಷಧಿ ಬೀರುವಿನ ಹಿಂದೆ ಸಿಕ್ಕಿಸಿಟ್ಟ ಉದ್ದನೆಯ ರಿಜಿಸ್ಟರು ಹೊರಬರುವುದು ಆಗ. ಮಂಚ ಮೂರು, ಎರಡನೇ ದಿನ, ಕೆಮ್ಮಿದಾಗ ಐದಾಣೆ, ಎದ್ದು ಕೂತಳು. ಗುಂಡಗಿನ ಅಕ್ಷರ, ನಾಲ್ಕನೇ ಇಯತ್ತೆಯ ಅಕ್ಷರ. ಬರೆದು ಮುಗಿಸಿ ಪುಸ್ತಕವನ್ನು ಮತ್ತೆ ಬೀರುವಿನ ಹಿಂದಕ್ಕೆ ತಳ್ಳುತ್ತಾರೆ.

ಈ ಆಸ್ಪತ್ರೆ ಕಟ್ಟಿಸಿದವರ ಹೆಸರನ್ನು ಹೆಬ್ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ್ದಾರೆ. ಬಾವಿಗೆ ರಾಟೆ ಕೊಡಿಸಿದವರ ಹೆಸರು ಬಾವಿಕಟ್ಟೆಯ ಮೇಲಿದೆ. ಒಂದು ಬೆಂಚು ದಾನ ಮಾಡಿದ ಮಹಾನುಭಾವ ಕೂಡ ಅದರ ಬೆನ್ನಿಗೆ ತನ್ನ ಹೆಸರು ಬರೆಸಿಕೊಂಡಿದ್ದಾನೆ. ದುರುಗಮ್ಮನ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಇಲ್ಲ. ಹೊಟ್ಟೆ ಕೊಯ್ಯಿಸಿಕೊಂಡವರ ನೋವನ್ನು ಯಾವ ವಿಧಾನದಲ್ಲಿ ಕಡಿಮೆ ಮಾಡಿದರೆ ಒಳ್ಳೆಯದು ಎಂದು ಈ ಸುತ್ತಮುತ್ತ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ, ಅದು ಈ ಹೆಂಗಸು ಕೇಳಿ ಕೇಳಿ ಬರೆದಿಟ್ಟದ್ದರಿಂದ.

ದುರುಗಮ್ಮನಿಗೆ ಈಗ ನಲವತ್ತರ ಹತ್ತಿರ. ಹೆಂಗಸರ, ಗಂಡಸರ ಎರಡೂ ವಾರ್ಡುಗಳ ಆಯಾ. ಗಂಡ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾರೆ, ಮೂವರು ಮಕ್ಕಳು. ದಿನಾ ನಾಲ್ಕೂವರೆಗೆ ಎದ್ದು ರೊಟ್ಟಿ ತಟ್ಟಿಟ್ಟು, ಹುಚ್ಚರಾಯನ ಕೆರೆಯ ಏರಿಯ ಮೇಲೆ ನಡೆದು ಆಸ್ಪತ್ರೆಗೆ ಬರುತ್ತಾರೆ. ಹದಿನಾರು ಮಂಚಗಳ ಹಾಸಿಗೆ ಕೊಡವಬೇಕು, ಬೆಡ್‌ಪ್ಯಾನು ತೊಳೆಯಬೇಕು, ಬಾವಿಯಿಂದ ಮೂವತ್ತು ಕೊಡ ನೀರು ಸೇದಬೇಕು, ಆಪರೇಷನ್ನಿನ ಬಟ್ಟೆ ಕುದಿಸಬೇಕು. ನೋವು ಕೇಳುವುದು ಇಷ್ಟೆಲ್ಲದರ ನಡುವೆ, ದಿನಕ್ಕೆ ನಾಲ್ಕು ಸಲ. ಅದಕ್ಕೆಂದು ಯಾರೂ ಅವರನ್ನು ನೇಮಿಸಿಲ್ಲ.

ಕೇಳುವ ಅಭ್ಯಾಸ ಎಲ್ಲಿಂದ ಬಂತು ಎಂದರೆ, ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತಾರೆ.

“ನಂಗೂ ಕೊಯ್ದಿದ್ರು ರೀ, ಎಂಟು ವರ್ಸದ ಹಿಂದೆ, ದೂರದ ಊರಾಗೆ. ಹದಿಮೂರು ದಿನ ಮಲ್ಗಿದ್ದೆ. ದೊಡ್ಡೋರು ಬರೋರು, ಹೊಲಿಗೆ ನೋಡೋರು, ಜ್ವರ ನೋಡೋರು, ಹೋಗೋರು. ನೋವೈತೇನವ್ವ ಅಂತ ಕೇಳಿದ್ದು ಒಬ್ಳೇ, ಕಸ ಗುಡ್ಸೋಳು. ಅವ್ಳ ಹೆಸ್ರು ಇವತ್ತಿಗೂ ನಂಗೆ ಗೊತ್ತಿಲ್ಲ. ಆವತ್ತೇ ಅನ್ಕಂಡೆ, ನಾನು ಎಲ್ಲಾರ ಇಂಥ ಕಡೆ ಸೇರಿದ್ರೆ ಕೇಳ್ತೀನಿ ಅಂತ.”

ಸೇರಿದರು. ಕೇಳಿದರು. ಆದರೆ ಕೇಳಿದರೆ ಹೇಳುವವರು ಯಾರು? ನಮ್ಮ ರೈತರನ್ನು ಬಲ್ಲವರಿಗೆ ಇದು ಗೊತ್ತು. ಹೊಟ್ಟೆಯನ್ನು ಒಂದು ಮೊಳ ಕೊಯ್ದು ಹೊಲಿದಿರಲಿ, ಡಾಕ್ಟರು ಬಂದು “ನೋವಿದೆಯಾ?” ಎಂದರೆ “ಇಲ್ಲ ಸ್ವಾಮಿ” ಎನ್ನುತ್ತಾರೆ. ನೋವು ಎಂದರೆ ಮರ್ಯಾದೆ ಕಡಿಮೆ. ನೋವು ಎಂದರೆ ಇನ್ನೊಮ್ಮೆ ಕೊಯ್ದಾರು. ನೋವು ಎಂದರೆ ಮನೆಗೆ ಕಳಿಸುವುದು ತಡವಾದೀತು. ಹೀಗೆ ಹಲ್ಲು ಕಚ್ಚಿ ಮಲಗಿದವರು ಉಸಿರನ್ನು ಮೇಲೆಮೇಲೆ ಆಡುತ್ತಾರೆ, ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಜ್ವರ ಏರುತ್ತದೆ. ಆಪರೇಷನ್ ಗೆದ್ದವರು ಕಫಕ್ಕೆ ಸೋಲುತ್ತಾರೆ. ಇದು ಮೂರ್ಖತನ ಎಂದು ನಾನು ಮುಖದ ಮೇಲೇ ಹೇಳುತ್ತೇನೆ. ಆದರೆ ಆ ಮೂರ್ಖತನ ಅವರೊಬ್ಬರದೇ ಅಲ್ಲ. ಒಂದು ಪ್ರಶ್ನೆ ಎಸೆದು ಉತ್ತರ ಕೇಳುವ ಮುಂಚೆಯೇ ಮುಂದಿನ ಮಂಚಕ್ಕೆ ಹೋಗುವವರದೂ ಹೌದು.

ಇಲ್ಲಿನ ಡಾಕ್ಟರು ಸದಾಶಿವಪ್ಪನವರು ಹಾಗಲ್ಲ. ಸಾವಿರದ ಒಂಬೈನೂರ ಐವತ್ತೇಳರ ದಸರೆ ಕಳೆದ ಮೇಲೆ ಅವರೊಂದು ಪರೀಕ್ಷೆಗೆ ಕೈಹಾಕಿದರು. ಹೊಟ್ಟೆಯ ಆಪರೇಷನ್ ಆದವರಲ್ಲಿ ಮೊದಲನೆಯವರಿಗೆ ಹಳೆಯ ಕ್ರಮ, ಅಂದರೆ ನೋವೆಂದು ಕೇಳಿದಾಗ ಮಾತ್ರ ನೋವು ಮರೆಸುವ ಪೆಥಿಡೀನ್ ಸೂಜಿ. ಎರಡನೆಯವರಿಗೆ ಕೇಳಲಿ ಬಿಡಲಿ, ಮೊದಲೆರಡು ದಿನ ಗಡಿಯಾರ ನೋಡಿ ಆರು ಗಂಟೆಗೊಮ್ಮೆ ಸೂಜಿ. ಮೂರನೆಯವರಿಗೆ ಗಡಿಯಾರದ ಸೂಜಿಯೇ, ಆದರೆ ಔಷಧಿ ಅರ್ಧ, ಜೊತೆಗೆ ಹೊಟ್ಟೆಗೆ ಪಟ್ಟಿ ಮತ್ತು ಕೆಮ್ಮುವಾಗ ಅವಚಿಕೊಳ್ಳಲು ದಿಂಬು. ನಾಲ್ಕನೆಯವರಿಂದ ಮತ್ತೆ ಮೊದಲಿನಂತೆ ಸರದಿ. ಸೂಜಿ ಚುಚ್ಚುವವರು ನರ್ಸ್ ರಾಜೇಶ್ವರಮ್ಮ. ಯಾರಿಗೆ ಎಷ್ಟು ನೋವು ಎಂದು ಅಳೆಯುವುದು ಹೇಗೆ ಎಂಬಲ್ಲಿ ಡಾಕ್ಟರು ತಲೆ ಕೆರೆದುಕೊಂಡು ಕೂತರು.

“ಆಣೆವಾರಿ ಕೇಳಾನ ಸ್ವಾಮಿ,” ಅಂದವರು ನೆಲ ಒರೆಸುತ್ತಿದ್ದ ದುರುಗಮ್ಮ.

ಅವರ ತಂದೆ ತಳವಾರರು. ಶಾನುಭೋಗರು ಬೆಳೆಯ ಅಂದಾಜಿಗೆ ಗದ್ದೆಗೆ ಹೊರಟರೆ ಹಿಂದೆ ದಫ್ತರದ ಗಂಟು ಹೊತ್ತು ನಡೆಯುತ್ತಿದ್ದವರು. ಚಿಕ್ಕವಳಿದ್ದಾಗ ದುರುಗಮ್ಮನೂ ಅವರ ಜೊತೆ ಬದುವಿನ ಮೇಲೆ ಓಡಾಡಿದ್ದುಂಟು. ಪೂರ್ತಿ ಬೆಳೆ ಹದಿನಾರಾಣೆ, ಅರ್ಧ ಬಂದರೆ ಎಂಟಾಣೆ, ಹಾಳಾದರೆ ಎರಡಾಣೆ. ಒಂದಕ್ಷರ ಬಾರದ ರೈತನೂ ಗದ್ದೆಯ ಅಂಚಿನಲ್ಲಿ ನಿಂತು ಒಂದೇ ನೋಟಕ್ಕೆ ಆಣೆ ಹೇಳಬಲ್ಲ. ಬೆಳೆಗೆ ಹೇಳುವವನು ನೋವಿಗೆ ಹೇಳಲಾರನೇ? ಡಾಕ್ಟರು ಹಿಗ್ಗಿ ಹೋಗಿ ಹೊಸ ರಿಜಿಸ್ಟರು ತರಿಸಿ ದುರುಗಮ್ಮನ ಕೈಗೇ ಕೊಟ್ಟರು.

ಹೇಳಿದರು, ಎಲ್ಲರೂ ಹೇಳಿದರು. ಶಿರಾಳಕೊಪ್ಪದ ಕಡೆಯ ಮೇಷ್ಟರೊಬ್ಬರು ಮಾತ್ರ ಹಟ ಹಿಡಿದರು. “ಆಣೆ ಕಾಲ ಮುಗೀತಮ್ಮ, ಈಗ ನಯಾಪೈಸೆ. ನೂರಕ್ಕೆ ಕೇಳು.” “ನಯಾಪೈಸೆ ಪೇಟೆಗೆ ಬಂದೈತೆ ಮೇಷ್ಟ್ರೆ, ಹೊಟ್ಟಿಗೆ ಇನ್ನಾ ಬಂದಿಲ್ಲ,” ಅಂದರು ದುರುಗಮ್ಮ. ಮೇಷ್ಟರೂ ನಾಲ್ಕಾಣೆ ಎಂದು ಬರೆಸಿದರು.

ಎಡವಟ್ಟಾದದ್ದು ಅಲ್ಲೇ. ನಾಲ್ಕು ತಿಂಗಳು, ಮೂವತ್ತು ಜನ, ಪುಟದ ಮೇಲೆ ಪುಟ. ಕೇಳಿದಾಗ ಸೂಜಿ ಪಡೆದವರೂ ನಾಲ್ಕಾಣೆ, ಗಡಿಯಾರದ ಸೂಜಿಯವರೂ ನಾಲ್ಕಾಣೆ, ಪಟ್ಟಿ ಕಟ್ಟಿದವರೂ ಮೂರೋ ನಾಲ್ಕೋ. ಕಲ್ಲಪ್ಪ ಎಂಬ ಅರವತ್ತರ ಮುದುಕರು ಮೂರಾಣೆ ಎಂದು ಬರೆಸಿ, ಕೆಮ್ಮಲಾರದೆ ಕಫ ಕಟ್ಟಿ, ಆರನೇ ದಿನ ತೀರಿಕೊಂಡರು. ಆ ಪುಟವನ್ನು ದುರುಗಮ್ಮ ಇವತ್ತಿಗೂ ಬೆರಳಿಟ್ಟು ತೋರಿಸುತ್ತಾರೆ. “ಮೂರಾಣೆ ಅಂತ ಬರ್ದೋಳು ನಾನೇ. ಅವ್ರ ಮುಖದ ಮ್ಯಾಲೆ ಹದಿನಾಲ್ಕು ಕಾಣ್ತಿತ್ತು. ನಾನು ಮುಖ ಬಿಟ್ಟು ಮಾತು ಬರ್ದೆ.”

ಆಸ್ಪತ್ರೆಯ ಸಮಿತಿಯವರು ರಿಜಿಸ್ಟರು ನೋಡಿದರು. ಕಾರ್ಯದರ್ಶಿ ಮಹೇಶ್ವರಪ್ಪನವರು ಅಡಿಕೆ ವ್ಯಾಪಾರಿ, ಮಾತು ನೇರ. ಪೆಥಿಡೀನ್ ಅಫೀಮಿನಂಥ ಮದ್ದು, ಬೀಗದೊಳಗೆ ಇಡಬೇಕಾದದ್ದು, ಚಟ ಹಿಡಿಸೀತು ಎಂಬ ಹೆದರಿಕೆ ಅವರಿಗೆ ಮೊದಲೇ ಇತ್ತು. ನೋವು ಎಲ್ಲರಿಗೂ ಒಂದೇ ಆದರೆ ದಿನಕ್ಕೆ ನಾಲ್ಕು ಸಲ ಯಾಕೆ ಚುಚ್ಚಬೇಕು? ಯುಗಾದಿಯ ಹಿಂದಿನ ಸೋಮವಾರ ಸಭೆ ಸೇರಿ ಗಡಿಯಾರದ ಸೂಜಿ ನಿಲ್ಲಿಸುವ ತೀರ್ಮಾನಕ್ಕೆ ಸಹಿ ಹಾಕುವುದೆಂದು ಗೊತ್ತು ಮಾಡಿದರು. ಅವರ ತರ್ಕದಲ್ಲಿ ತಪ್ಪಿರಲಿಲ್ಲ, ಪುಸ್ತಕದಲ್ಲಿ ತಪ್ಪಿತ್ತು. ಎಲ್ಲಿ ತಪ್ಪಿದೆ ಎಂಬುದು ಮಾತ್ರ ಡಾಕ್ಟರಿಗೂ ತಿಳಿಯಲಿಲ್ಲ, ದುರುಗಮ್ಮನಿಗೂ ತಿಳಿಯಲಿಲ್ಲ. ಸೂಜಿ ನಿಂತರೆ ಇನ್ನೆಷ್ಟು ಕಲ್ಲಪ್ಪಂದಿರೋ ಎಂಬ ಯೋಚನೆಯಲ್ಲಿ ದುರುಗಮ್ಮನಿಗೆ ಊಟ ಸೇರದಾಯಿತು.

ಸಭೆಗೆ ಒಂದೇ ದಿನ ಉಳಿದಿದ್ದಾಗ ಗಂಡಸರ ವಾರ್ಡಿನಲ್ಲಿ ಈಸೂರಿನ ಚೌಡಪ್ಪ ಮಲಗಿದ್ದರು. ಹೊಟ್ಟೆಯ ಹುಣ್ಣು ಒಡೆದು ಹಿಂದಿನ ದಿನ ಆಪರೇಷನ್ ಆಗಿತ್ತು. ಸರದಿಯ ಪ್ರಕಾರ ಅವರು ಕೇಳಿದಾಗ ಸೂಜಿಯವರು. ಕೇಳಿರಲಿಲ್ಲ. ಮಂಚದ ಕಬ್ಬಿಣದ ಸರಳು ಹಿಡಿದ ಬೆರಳು ಬಿಳಿಚಿತ್ತು, ಹಣೆಯ ಬೆವರು ದಿಂಬಿಗೆ ಇಳಿಯುತ್ತಿತ್ತು. ದುರುಗಮ್ಮ ರಿಜಿಸ್ಟರು ಬಿಡಿಸಿ, ಪೆನ್ಸಿಲ್ ಹಿಡಿದು ಎಂದಿನಂತೆ ಕೇಳಿದರು.

“ನಾಲ್ಕಾಣೆ,” ಅಂದರು ಚೌಡಪ್ಪ. “ನಲವತ್ತೆರಡರ ಚಳವಳೀಲಿ ಲಾಠಿ ತಿಂದ ಊರಿನೋನು ನಾನು. ಇದ್ಯಾವ ಲೆಕ್ಕ?”

ಕಾಲ ಬಳಿ ಕುಳಿತಿದ್ದ ಅವರ ಹೆಂಡತಿ ತಿಮ್ಮಮ್ಮನಿಗೆ ತಡೆಯಲಾಗಲಿಲ್ಲ. “ನೋಡಕ್ಕ ನಮ್ಮನೇರ ವರಸೆ! ಶಾನುಭೋಗ್ರು ಬದುವಿನ ಮ್ಯಾಲೆ ನಿಂತು ಬುಕ್ಕು ಬಿಚ್ಚಿದಾಗ್ಲೂ ಹಿಂಗೇ. ತೆನೆ ಬಗ್ಗಿ ನೆಲ ಮುಟ್ತಿರ್ತೈತೆ, ಇವ್ರು ಕೈ ಮುಗ್ದು ‘ನಾಲ್ಕಾಣೆ ಸ್ವಾಮಿ’ ಅಂತಾರೆ. ಇದೂ ಅದೇ ನಾಲ್ಕಾಣೆ!”

ದುರುಗಮ್ಮನ ಕೈಯಿಂದ ಪೆನ್ಸಿಲ್ ಜಾರಿ ಬಿತ್ತಂತೆ.

ಬೆಳೆ ಕಡಿಮೆ ಎಂದು ಬರೆಸಿದರೆ ಕಂದಾಯ ಮಾಫಿ. ಹಾಗಾಗಿ ಆಣೆ ಕೇಳಿ ಪುಸ್ತಕ ಬಿಡಿಸಿದವರ ಮುಂದೆ ಕಡಿಮೆ ಹೇಳುವುದು ನಮ್ಮ ರೈತನಿಗೆ ತಾತನ ಕಾಲದಿಂದ ಬಂದ ಅಭ್ಯಾಸ. ಅವನು ಬೇಕೆಂದು ಸುಳ್ಳು ಹೇಳುವುದಲ್ಲ, ಪುಸ್ತಕ ಕಂಡರೆ ನಾಲಿಗೆ ತಾನೇ ಇಳಿಯುತ್ತದೆ. ಮೂವತ್ತು ಜನರೂ ಶಾನುಭೋಗರಿಗೆ ಹೇಳುವ ಲೆಕ್ಕವನ್ನೇ ದುರುಗಮ್ಮನಿಗೆ ಹೇಳಿದ್ದರು.

“ತಳವಾರನ ಮಗಳು ರೀ ನಾನು! ಹುಟ್ಟಿದಾಗಿಂದ ನೋಡೀನಿ ಆ ನಾಟಕ. ಶಾನುಭೋಗ್ರು ಅತ್ಲಾಗ್ ಹೋದ್ಮ್ಯಾಲೆ ಇದೇ ಜನ ನಮ್ಮಪ್ಪನ ತಾವ ‘ಈ ಸಲ ಹದಿನಾಲ್ಕಾಣೆ ಬೆಳೆ ಕಣೋ’ ಅಂತಿದ್ರು. ನಂಗೇ ಹೊಳೀಲಿಲ್ಲಲ್ಲ! ನನ್ನ ಕೆನ್ನಿಗೆ ನಾನೇ ಹೊಡ್ಕಂಡೆ.”

ಕೆನ್ನೆಗೆ ಹೊಡೆದುಕೊಂಡವರು ಅಷ್ಟಕ್ಕೆ ಬಿಡಲಿಲ್ಲ. ರಿಜಿಸ್ಟರನ್ನು ಜಗಲಿಗೆ ಎಸೆದು ಬಂದು, ಬರಿಗೈಲಿ ಚೌಡಪ್ಪನ ಪಕ್ಕ ಕುಳಿತರು. “ಬುಕ್ಕಿಲ್ಲ ಕಣಣ್ಣ, ನೋಡು. ನೀನು, ನಾನು, ಅಕ್ಕ ಮೂರೇ ಜನ. ಒಂದ್ಸಲ ಕೆಮ್ಮಿ ಹೇಳು.” ಚೌಡಪ್ಪ ಕೆಮ್ಮಲು ಹೋಗಿ ಅರ್ಧಕ್ಕೇ ನಿಂತರು. ಕಣ್ಣಲ್ಲಿ ನೀರು ಬಂತು. “ಹದಿನೈದು,” ಅಂದರು. ಡಾಕ್ಟರು ಓಡಿ ಬಂದರು, ಸೂಜಿ ಬಿತ್ತು, ಪಟ್ಟಿ ಕಟ್ಟಿದ್ದಾಯಿತು. ಲಾಠಿಗೆ ಜಗ್ಗದ ಊರಿನವರು ಸಂಜೆಯ ಹೊತ್ತಿಗೆ ಎದ್ದು ಕುಳಿತು ಗಂಜಿ ಕೇಳಿದರು. ಹಳೆಯ ಮೂವತ್ತು ಪುಟಗಳ ಮೇಲೆ ಡಾಕ್ಟರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, “ಶಾನುಭೋಗರ ಲೆಕ್ಕ” ಎಂದು ಬರೆದಿದ್ದಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಸೋಮವಾರ ಸಮಿತಿ ಬಂತು. ಮಹೇಶ್ವರಪ್ಪನವರು ಡಾಕ್ಟರ ಮಾತು ಕೇಳಿ ಗಹಗಹಿಸಿದರು. “ಏನ್ರೀ ಡಾಕ್ಟ್ರೆ, ಪುಸ್ತಕ ಮುಚ್ಚಿದ್ರೆ ನೋವು ಜಾಸ್ತಿ ಆಗ್ತದಾ? ಎಲ್ಲಿ, ನಾನೇ ಕೇಳ್ತೀನಿ.”

“ಕೇಳ್ರಿ ಸಾಹುಕಾರ್ರೆ,” ಅಂದರು ದುರುಗಮ್ಮ. “ಮೊದ್ಲು ಬುಕ್ಕು ಹಿಡ್ದೇ ಕೇಳ್ರಿ.”

ವಾರ್ಡಿನಲ್ಲಿ ಆಗ ಚೌಡಪ್ಪನ ಪಕ್ಕದಲ್ಲಿ ಸೊರಬದ ಕಡೆಯ ರಾಜಪ್ಪ ಎಂಬವರಿದ್ದರು. ಹರ್ನಿಯಾಕ್ಕೆ ಅಂದು ಬೆಳಿಗ್ಗೆಯಷ್ಟೇ ಆಪರೇಷನ್ ಆಗಿತ್ತು. ಇನ್ನೂ ಒಂದು ಸೂಜಿಯನ್ನೂ ಅವರು ಕೇಳಿ ಪಡೆದಿರಲಿಲ್ಲ. ಮಹೇಶ್ವರಪ್ಪನವರು ರಿಜಿಸ್ಟರು ಎದೆಗೆ ಹಿಡಿದು ಗತ್ತಿನಿಂದ ಕೇಳಿದರು. ಚೌಡಪ್ಪ, “ನಾಲ್ಕಾಣೆ.” ರಾಜಪ್ಪ, “ಮೂರಾಣೆ ಅದೆ ಸ್ವಾಮಿ, ಅಷ್ಟೇ.”

“ಕೇಳಿದ್ರಾ?” ಎಂದು ಸಾಹುಕಾರರು ಸಮಿತಿಯ ಕಡೆ ತಿರುಗಿದರು.

“ಈಗ ಬುಕ್ಕು ಕಿಟಕಿ ಆಚೆ ಇಡ್ರಿ. ಮಂಚದ ಮ್ಯಾಲೆ ಕುಂತ್ಕೊಂಡು ಕೇಳ್ರಿ. ಕೆಮ್ಮಿಸಿ ಕೇಳ್ರಿ.”

ಒಬ್ಬ ಆಯಾ ಕಾರ್ಯದರ್ಶಿಗೆ ಹೀಗೆ ಅಪ್ಪಣೆ ಮಾಡಿದ್ದು ಆ ಆಸ್ಪತ್ರೆಯಲ್ಲಿ ಅದೇ ಮೊದಲು. ಮಹೇಶ್ವರಪ್ಪನವರು ಅರೆಗಳಿಗೆ ದುರುಗುಟ್ಟಿ ನೋಡಿ, ರಿಜಿಸ್ಟರು ಕಿಟಕಿಯಾಚೆ ಇಟ್ಟು, ಪಂಚೆ ಸರಿಮಾಡಿಕೊಂಡು ಮಂಚದ ಅಂಚಿನಲ್ಲಿ ಕುಳಿತರು. ಚೌಡಪ್ಪ ದಿಂಬು ಅವಚಿಕೊಂಡು ಜೋರಾಗಿ ಕೆಮ್ಮಿದರು. “ಐದಾಣೆ ಸಾಹುಕಾರ್ರೆ. ಸುಳ್ಳಲ್ಲ, ಸೂಜಿ ಹಾಕ್ತಾವ್ರೆ.” ರಾಜಪ್ಪ ಕೆಮ್ಮಲು ಬಾಯಿ ತೆರೆದವರು ಹಾಗೇ ಸಾಹುಕಾರರ ಮುಂಗೈ ಹಿಡಿದುಕೊಂಡರು. “ಹನ್ನೆರಡು. ಅಲ್ಲ, ಹದಿಮೂರು ಅದೆ ಸ್ವಾಮಿ. ಮೊದ್ಲೇ ಪುಸ್ತಕ ಆಚೆ ಇಟ್ಟಿದ್ರೆ ಹೇಳ್ತಿದ್ನಲ್ಲ!”

ಪುಸ್ತಕದ ಮುಂದೆ ಇಬ್ಬರದೂ ಹೆಚ್ಚುಕಡಿಮೆ ಒಂದೇ ನೋವು. ಪುಸ್ತಕ ಹೋದ ಮೇಲೆ ಒಬ್ಬರದು ಐದು, ಇನ್ನೊಬ್ಬರದು ಹದಿಮೂರು. ಸೂಜಿಯ ಬೆಲೆ ಅಷ್ಟೂ ಕಣ್ಣೆದುರಿಗೇ ಬಿದ್ದಿತ್ತು.

ಮಹೇಶ್ವರಪ್ಪನವರು ಹೊಟ್ಟೆ ಹಿಡಿದು ನಕ್ಕರು. “ಅಯ್ಯೋ ನಿಮ್ಮ! ನಂದೂ ಮೂರೆಕರೆ ಗದ್ದೆ ಐತೆ ಕಣಮ್ಮ. ಹೋದ ಸುಗ್ಗೀಲಿ ನಾನೂ ಐದಾಣೆ ಅಂತ್ಲೇ ಬರೆಸಿದ್ದು!” ನಕ್ಕು ಮುಗಿಯುತ್ತಿದ್ದಂತೆ ಎದ್ದರು. “ರಾಜೇಶ್ವರಮ್ಮ, ನನ್ನ ಮುಖ ಏನ್ ನೋಡ್ತೀರಿ? ಈ ಮನುಷ್ಯಗೆ ಮೊದ್ಲು ಸೂಜಿ ಕೊಡ್ರಿ.” ಗಡಿಯಾರದ ಸೂಜಿ ನಿಲ್ಲಲಿಲ್ಲ. ಹೊಸ ಕ್ರಮದಲ್ಲಿ ಕೇಳಿ ಬರೆಯಲು ಪೂರಾ ಹತ್ತು ತಿಂಗಳು ಕೊಟ್ಟರು.

ಆ ಹತ್ತು ತಿಂಗಳಲ್ಲಿ ಐವತ್ತನಾಲ್ಕು ಜನ, ಒಂದೊಂದು ವಿಧಾನಕ್ಕೆ ಹದಿನೆಂಟು. ಕೇಳಿದಾಗ ಸೂಜಿಯವರಿಗೆ ಎರಡನೇ ದಿನ ಕೆಮ್ಮಿದಾಗಿನ ನೋವು ಸರಾಸರಿ ಹನ್ನೊಂದಾಣೆ, ಎದ್ದು ಕುಳಿತದ್ದು ನಾಲ್ಕನೇ ದಿನ. ಗಡಿಯಾರದ ಸೂಜಿಯವರಿಗೆ ಏಳಾಣೆ, ಮೂರನೇ ದಿನ. ಅರ್ಧ ಔಷಧಿ, ಪಟ್ಟಿ, ದಿಂಬು ಮೂರೂ ಸೇರಿದವರಿಗೆ ಐದೇ ಆಣೆ, ಎರಡನೇ ದಿನವೇ ಎದ್ದು ಕೂತರು. ಪಕ್ಕೆಲುಬಿನ ಸಂದಿಗೆ ಮರಗಟ್ಟಿಸುವ ಮದ್ದು ಚುಚ್ಚುವುದನ್ನೂ ಡಾಕ್ಟರು ಬೇರೆ ಆರು ಜನರಿಗೆ ಮಾಡಿ ನೋಡಿದರು. ನಾಲ್ಕು ಗಂಟೆ ಕಾಲ ಎರಡಾಣೆಗೆ ಇಳಿದ ನೋವು ಆಮೇಲೆ ಒಮ್ಮೆಲೇ ಹನ್ನೊಂದಕ್ಕೆ ಹಾರುತ್ತಿತ್ತು. ಅದನ್ನು ಬಿಟ್ಟರು. ಈ ಸಂಕ್ರಾಂತಿಯಿಂದ ಹೊಟ್ಟೆ ಕೊಯ್ದ ಪ್ರತಿಯೊಬ್ಬರಿಗೂ ಮೂರನೆಯ ವಿಧಾನವೇ. ಕಳೆದ ಯುಗಾದಿಯಿಂದ ಈಚೆಗೆ ಇಲ್ಲಿ ಕಫ ಕಟ್ಟಿ ಸತ್ತವರು ಒಬ್ಬರೂ ಇಲ್ಲ.

ಡಾಕ್ಟರು ಇದನ್ನು ಕಳೆದ ತಿಂಗಳು ಬೇರೆ ಊರಿನಲ್ಲಿ ನಡೆದ ಒಂದು ವೈದ್ಯರ ಕೂಟದಲ್ಲಿ ಓದಿದರು. “ಆಯಾ ಕೇಳಿ ಬರೆದದ್ದನ್ನು ಶಾಸ್ತ್ರ ಅಂತ ಹೇಗೆ ಒಪ್ಪೋದು?” ಎಂದು ಸೂಟಿನವರೊಬ್ಬರು ಎದ್ದರಂತೆ. “ನಿಮ್ಮ ವಾರ್ಡಿನಲ್ಲಿ ನೀವು ಕೇಳಿದ್ದೀರಾ?” ಎಂದರಂತೆ ಸದಾಶಿವಪ್ಪನವರು. ಸೂಟಿನವರು ಕುಳಿತರಂತೆ. ಕೂರದೆ ಏನು ಮಾಡುತ್ತಾರೆ? ಆದರೆ ಡಾಕ್ಟರೇ, ಆ ಓದಿದ ಕಾಗದದಲ್ಲಿ “ನಮ್ಮ ಸಹಾಯಕರೊಬ್ಬರು” ಎಂದಿದೆಯಲ್ಲ, ಆ ಸಹಾಯಕರಿಗೆ ಒಂದು ಹೆಸರಿದೆ. ಬರೆಯಲು ನಾಲ್ಕೇ ಅಕ್ಷರ. ಇದನ್ನು ಅವರ ಎದುರಿಗೇ ಹೇಳಿದೆ. ತಪ್ಪಾಯಿತು, ತಿದ್ದುತ್ತೇನೆ ಎಂದರು.

ಬರುವ ವಾರದಿಂದ ದುರುಗಮ್ಮ ಹದಿನೈದು ದಿನ ಸೊರಬಕ್ಕೆ ಹೋಗುತ್ತಾರೆ, ಬೆಳಗಿನ ಬಸ್ಸಿಗೆ. ಅಲ್ಲಿ ಹೊಸದಾಗಿ ಶುರುವಾದ ಒಂದು ಖಾಸಗಿ ಆಸ್ಪತ್ರೆಯವರು ಪಟ್ಟಿ ಕಟ್ಟುವುದನ್ನೂ ಕೇಳುವುದನ್ನೂ ಕಲಿಸಲು ಕರೆಸಿಕೊಂಡಿದ್ದಾರೆ. ಆಸೆ ಏನಾದರೂ ಉಂಟೇ ಎಂದು ಕೇಳುತ್ತೇನೆ. “ಅಲ್ಲಿ ವಾರ್ಡಿನಾಗೆ ಗೋಡೆ ಗಡಿಯಾರ ಇಲ್ಲಂತೆ. ಸ್ಕೂಲಿನ ಗಂಟೆ ಕೇಳಿ ಸೂಜಿ ಕೊಡ್ತಾರಂತೆ. ಭಾನುವಾರ ಸ್ಕೂಲ್ ಇರಲ್ಲ, ಆವತ್ತು ನೋವಿಗೂ ರಜಾನಾ? ಯಾರಾರ ಪುಣ್ಯಾತ್ಮರು ಒಂದು ಗಡಿಯಾರ ಕೊಡ್ಸಿದ್ರೆ ಸಾಕು. ಬೇಕಾದ್ರೆ ಅವ್ರ ಹೆಸ್ರು ಅದ್ರ ಮ್ಯಾಲೇ ಬರ್ಸಾನ.”

ನಾನು ಬರೆದುಕೊಳ್ಳುತ್ತೇನೆ. ಇಷ್ಟು ಜನರನ್ನು ಕೆಮ್ಮಿಸಿ ಎಬ್ಬಿಸಿ ಮನೆಗೆ ಕಳಿಸಿದ್ದೀರಿ, ಸಂತೋಷ ಎಷ್ಟು, ಹದಿನಾರಕ್ಕೆ ಹೇಳಿ ಎನ್ನುತ್ತೇನೆ.

ದುರುಗಮ್ಮ ನನ್ನ ಕೈಯ ಕಡೆ ನೋಡುತ್ತಾರೆ. “ಒಂದಾರಾಣೆ ಇರ್ಬೋದು ಬಿಡ್ರಿ.”

ನಾನು ಪುಸ್ತಕ ಮುಚ್ಚಿ ಜೇಬಿಗೆ ಹಾಕುತ್ತೇನೆ. ಒಳಗೆ ಮೂಕಮ್ಮ ಯಾರೂ ಹೇಳದೆಯೇ ಕೆಮ್ಮುತ್ತಿದ್ದಾಳೆ, ಗಟ್ಟಿಯಾಗಿ, ಎದೆ ತುಂಬಿ. ಆ ಸದ್ದು ಕೇಳುತ್ತ ದುರುಗಮ್ಮನ ಮುಖ ಅಷ್ಟಗಲ ಅರಳುತ್ತದೆ.

“ಹದಿನಾರಕ್ಕೆ ಹದಿನಾರೂ ರೀ,” ಅನ್ನುತ್ತಾರೆ. “ಬರ್ಕಂಬ್ಯಾಡ್ರಿ ಮತ್ತೆ.”